ದೂರವಾಣಿಯಲ್ಲಿ ವೈದ್ಯರ ಸಲಹೆ: ನಿಯಮವೇನು, ವೆಚ್ಚ ಭರಿಸುವವರು ಯಾರು?

ಹನ್ನೆರಡನೆಯ ಶತಮಾನದ ಶರಣ ಸಮೂಹದಲ್ಲಿ ವೈದ್ಯ ಸಂಗಣ್ಣನೆಂಬ ಶರಣನಿದ್ದನು. ರೋಗಿಗಳ ಶುಶ್ರೂಷೆಯೇ ಆತನ ಕಾಯಕ. ಲಿಂಗಪೂಜೆಗಾಗಲಿ, ಕಾಯಕಕ್ಕಾಗಲಿ, ದಾಸೋಹಕ್ಕಾಗಲಿ ಮೊದಲು ಬೇಕಾದುದು ಸ್ವಸ್ಥವಾದ ಕಾಯ. ಆದುದರಿಂದಲೇ ಶರಣರು ದೇಹವನ್ನು ಹೀಗಳೆಯದೆ ಅದನ್ನು ಸಾಧನೆಯ ಉಪಕರಣವೆಂದು ಗೌರವಿಸಿದರು. ವೈದ್ಯವೃತ್ತಿಗೂ ಕಾಯಕದ ಸಾಲಿನಲ್ಲಿ ಸಮಾನವಾದ ಸ್ಥಾನವನ್ನು ಕೊಟ್ಟರು. ಅಂದಿನಿಂದ ಮೊನ್ನೆ ಮೊನ್ನೆಯವರೆಗೂ ವೈದ್ಯನೂ ರೋಗಿಯೂ ಸಂಧಿಸಲು ಎರಡೇ ದಾರಿಗಳಿದ್ದವು. ವೈದ್ಯನು ರೋಗಿಯ ಮನೆಗೆ ಬರಬೇಕು, ಇಲ್ಲವೇ ರೋಗಿಯು ವೈದ್ಯನ ಬಾಗಿಲಿಗೆ ಹೋಗಬೇಕು. ಈಗ ಮೂರನೆಯ ದಾರಿಯೊಂದು ತೆರೆದಿದೆ. ವೈದ್ಯರು ಬೆಂಗಳೂರಿನಲ್ಲಿ ಕುಳಿತಿರುತ್ತಾರೆ, ರೋಗಿಯು ಹಳ್ಳಿಯ ಪಡಸಾಲೆಯಲ್ಲಿರುತ್ತಾನೆ; ನಡುವೆ ಇರುವುದು ಅಂಗೈಯಗಲದ ಒಂದು ಮೊಬೈಲು.

ಈ ದಾರಿಯ ಅನುಕೂಲಗಳನ್ನು ಎಲ್ಲರೂ ಬಲ್ಲರು. ಆದರೆ ಇದರ ಕಟ್ಟಳೆಗಳನ್ನು ಬಲ್ಲವರು ವಿರಳ. ಇದಕ್ಕೆ ತಗಲುವ ಹಣವನ್ನು ವಿಮೆಯವರು ಕೊಡುತ್ತಾರೆಯೇ, ಸರ್ಕಾರ ಕೊಡುತ್ತದೆಯೇ, ಅಥವಾ ಮನೆಯವರೇ ಭರಿಸಬೇಕೇ ಎಂಬುದನ್ನು ತಿಳಿದವರಂತೂ ಇನ್ನೂ ವಿರಳ. ಈ ಲೇಖನವನ್ನು ಬರೆಯಲು ನಮ್ಮನ್ನು ಪ್ರೇರೇಪಿಸಿದ್ದು ಒಂದು ಮನೆತನದ ಅನುಭವ.

ಒಂದು ಮನೆಯ ಕಥೆ

ಶ್ರಾವಣ ಮಾಸದ ಪುರಾಣಪ್ರವಚನಕ್ಕೆಂದು ನಾವು ಹಾವೇರಿ ಜಿಲ್ಲೆಯ ಒಂದು ಊರಿಗೆ ಹೋಗಿದ್ದೆವು. ಪ್ರಸಾದಕ್ಕೆ ಕರೆದಿದ್ದ ಮನೆಯ ಹಿರಿಯರು ಎಪ್ಪತ್ತು ದಾಟಿದವರು. ಬಹುಕಾಲದಿಂದ ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ಅವರಿಗಿವೆ. ಮಗ ದೂರದ ನಗರದಲ್ಲಿ ಉದ್ಯೋಗಿ. ತಂದೆಯನ್ನು ಪದೇ ಪದೇ ಪಟ್ಟಣದ ಆಸ್ಪತ್ರೆಗೆ ಕರೆದೊಯ್ಯುವವರಿಲ್ಲದ ಕಾರಣ ಅವನು ಮೂರು ಸಲ ದೂರವಾಣಿಯಲ್ಲಿಯೇ ವೈದ್ಯರ ಸಲಹೆಯನ್ನು ಕೊಡಿಸಿದ್ದನು. ಪ್ರತಿಸಲವೂ ಮಾತು ನಡೆದದ್ದು ಸಕ್ಕರೆಯ ಅಂಕಿಯನ್ನು ಕುರಿತು. ಅದೇ ಕಾಲದಲ್ಲಿ ಹಿರಿಯರ ಅಂಗಾಲಿನಲ್ಲಿ ಒಂದು ಗಾಯವಾಗಿತ್ತು. ನೋವಿಲ್ಲದ ಗಾಯವಾದುದರಿಂದ ಅವರು ಹೇಳಲಿಲ್ಲ. ಕೇವಲ ಧ್ವನಿಯನ್ನು ಕೇಳುತ್ತಿದ್ದ ವೈದ್ಯರಿಗೆ ಅದು ಕಾಣಲಿಲ್ಲ. ಕೊನೆಗೆ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಒಂದು ಬೆರಳನ್ನು ತೆಗೆಯಬೇಕಾಯಿತು. ಆಸ್ಪತ್ರೆಯಿಂದ ಮರಳಿದ ಮೇಲೆ ಮತ್ತೆ ಎರಡು ಸಲ ದೂರವಾಣಿಯಲ್ಲಿ ಸಲಹೆ ಪಡೆದರು.

ಮಗನು ಮೊದಲಿನ ಮೂರು ಸಲಹೆಗಳ ಹಣಕ್ಕಾಗಿ ವಿಮಾ ಕಂಪನಿಗೆ ಬರೆದನು. ಬಂದ ಉತ್ತರ: ಕೊಡಲಾಗದು. ಮನೆಯ ಸೊಸೆ ನಮ್ಮೆದುರು ಕೇಳಿದ ಪ್ರಶ್ನೆ ಇಂದಿಗೂ ಕಿವಿಯಲ್ಲಿದೆ. “ಶಾಸ್ತ್ರಿಗಳ್ರೀ, ಡಾಕ್ಟರ್ ಮಾತಾಡಿದ್ದೂ ಖರೆ, ನಾವು ರೊಕ್ಕ ಕೊಟ್ಟದ್ದೂ ಖರೆ. ಮತ್ತ ವಿಮಾದವರು ಯಾಕ ಕೊಡೂದಿಲ್ಲ ಅಂತಾರ್ರಿ?”

ಆಗ ನಮ್ಮಲ್ಲಿ ಉತ್ತರವಿರಲಿಲ್ಲ. ಮರಳಿ ಬಂದ ಮೇಲೆ ನಿಯಮಗಳನ್ನು ತರಿಸಿ ಓದಿದೆವು, ತಿಳಿದವರನ್ನು ಕೇಳಿದೆವು. ಓದಿದ ಮೇಲೆ ಸ್ಪಷ್ಟವಾದುದು ಇಷ್ಟು: ದೂರದಿಂದ ಚಿಕಿತ್ಸೆ ಕೊಡಬಹುದು ಎಂಬ ನಿಯಮ ಬೇರೆ, ಅದಕ್ಕೆ ಹಣ ಸಿಗುತ್ತದೆ ಎಂಬ ನಿಯಮ ಬೇರೆ. ಮೊದಲನೆಯ ಬಾಗಿಲು ೨೦೨೦ರಲ್ಲಿ ಪೂರ್ಣವಾಗಿ ತೆರೆಯಿತು. ಎರಡನೆಯದು ಅರ್ಧ ಮಾತ್ರ ತೆರೆದಿದೆ. ಈ ಭೇದವನ್ನು ಅರಿಯದಿದ್ದುದರಿಂದಲೇ ಆ ಮನೆಯವರು ಸಲ್ಲದ ಹಣವನ್ನು ಕೇಳಿದರು. ಸಲ್ಲಬಹುದಾಗಿದ್ದ ಹಣವನ್ನು ಕೇಳದೆ ಬಿಟ್ಟರು. ಅದು ಹೇಗೆಂಬುದನ್ನು ಕ್ರಮವಾಗಿ ವಿಚಾರಿಸೋಣ.

೨೦೨೦ಕ್ಕೆ ಮೊದಲು

ದೂರವೈದ್ಯ ಅಥವಾ ಟೆಲಿಮೆಡಿಸಿನ್ ಎಂಬುದು ಕೊರೊನಾ ಕಾಲದಲ್ಲಿ ಹುಟ್ಟಿದ್ದಲ್ಲ. ನಮ್ಮ ರಾಜ್ಯದಲ್ಲಿಯೇ ಎರಡು ದಶಕಗಳ ಹಿಂದೆ, ಇಸ್ರೊ ಸಂಸ್ಥೆಯ ಉಪಗ್ರಹ ಸಂಪರ್ಕದ ನೆರವಿನಿಂದ, ಬೆಂಗಳೂರಿನ ನಾರಾಯಣ ಹೃದಯಾಲಯವನ್ನು ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೂ ಹೆಗ್ಗಡದೇವನಕೋಟೆ ಭಾಗದ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗೂ ಜೋಡಿಸಲಾಗಿತ್ತು. ಕಾಡಂಚಿನ ಊರಿನ ರೋಗಿಯ ಹೃದಯದ ಪರೀಕ್ಷೆಯ ವಿವರವನ್ನು ಬೆಂಗಳೂರಿನ ತಜ್ಞರು ನೋಡಿ ಸಲಹೆ ನೀಡುವ ಏರ್ಪಾಡು ಅದು. ಆದರೆ ಅಲ್ಲಿ ರೋಗಿಯ ಪಕ್ಕದಲ್ಲಿಯೂ ಒಬ್ಬ ವೈದ್ಯರಿರುತ್ತಿದ್ದರು. ಇಬ್ಬರು ವೈದ್ಯರ ನಡುವಣ ಸಂಭಾಷಣೆಗೆ ಯಾರ ಆಕ್ಷೇಪವೂ ಇರಲಿಲ್ಲ.

ವೈದ್ಯರು ನೇರವಾಗಿ ಮನೆಯಲ್ಲಿರುವ ರೋಗಿಗೆ ದೂರವಾಣಿಯಲ್ಲಿ ಔಷಧ ಸೂಚಿಸಬಹುದೇ ಎಂಬ ವಿಷಯದಲ್ಲಿ ಮಾತ್ರ ಕಾನೂನು ಸ್ಪಷ್ಟವಾಗಿರಲಿಲ್ಲ. ೨೦೧೮ರ ಜುಲೈ ತಿಂಗಳಿನಲ್ಲಿ ಬಾಂಬೆ ಹೈಕೋರ್ಟು ಒಂದು ಪ್ರಕರಣದಲ್ಲಿ ಇಬ್ಬರು ವೈದ್ಯರಿಗೆ ನಿರೀಕ್ಷಣಾ ಜಾಮೀನನ್ನು ನಿರಾಕರಿಸಿತು. ದೂರವಾಣಿಯಲ್ಲಿ ಸೂಚಿಸಿದ ಚಿಕಿತ್ಸೆಯನ್ನು ಪಡೆದ ರೋಗಿಯೊಬ್ಬರು ಮೃತಪಟ್ಟ ಪ್ರಕರಣವದು. ಆ ಆದೇಶದ ನಂತರ ಅನೇಕ ವೈದ್ಯರು ದೂರವಾಣಿಯಲ್ಲಿ ಮಾತನಾಡಲೂ ಹಿಂಜರಿದರು. ಹೀಗೆ ಯಂತ್ರವು ಸಿದ್ಧವಾಗಿದ್ದರೂ ಕಟ್ಟಳೆಯು ಸಿದ್ಧವಾಗಿರಲಿಲ್ಲ.

ಮಾರ್ಚ್ ೨೫ರ ಮಾರ್ಗಸೂಚಿ

೨೦೨೦ರ ಮಾರ್ಚ್ ೨೫ರಂದು ದೇಶದಲ್ಲಿ ೨೧ ದಿನಗಳ ಲಾಕ್‌ಡೌನ್ ಆರಂಭವಾಯಿತು. ಅದೇ ದಿನ ಕೇಂದ್ರ ಸರ್ಕಾರವು ದೂರವೈದ್ಯ ವೃತ್ತಿಯ ಮಾರ್ಗಸೂಚಿಯನ್ನು ಪ್ರಕಟಿಸಿತು. ಅಂದು ಭಾರತೀಯ ವೈದ್ಯಕೀಯ ಪರಿಷತ್ತಿನ ಸ್ಥಾನದಲ್ಲಿ ಕಾರ್ಯನಿರ್ವಹಿಸುತ್ತಿದ್ದ ಆಡಳಿತ ಮಂಡಳಿಯು ನೀತಿ ಆಯೋಗದ ಸಹಕಾರದಿಂದ ಇದನ್ನು ಸಿದ್ಧಪಡಿಸಿತ್ತು. ವೈದ್ಯರ ವೃತ್ತಿನಡತೆಯನ್ನು ಕುರಿತ ೨೦೦೨ರ ನಿಯಮಾವಳಿಗೆ ಇದು ಅನುಬಂಧವಾಗಿ ಸೇರಿತು. ರಾಷ್ಟ್ರೀಯ ವೈದ್ಯಕೀಯ ಆಯೋಗವು ೨೦೨೩ರ ಆಗಸ್ಟಿನಲ್ಲಿ ಹೊಸ ನಿಯಮಾವಳಿಯೊಂದನ್ನು ಪ್ರಕಟಿಸಿತಾದರೂ ಅದೇ ತಿಂಗಳಿನಲ್ಲಿ ಅದನ್ನು ತಡೆಹಿಡಿದು ೨೦೦೨ರ ನಿಯಮಾವಳಿಯನ್ನೇ ಮುಂದುವರಿಸಿತು. ಕೊರೊನಾ ಹೋಯಿತು, ಮಾರ್ಗಸೂಚಿ ಉಳಿಯಿತು.

ಇದರ ಮುಖ್ಯಾಂಶಗಳನ್ನು ಗೃಹಸ್ಥರಾದವರು ತಿಳಿದಿರಬೇಕು. ನೋಂದಾಯಿತ ವೈದ್ಯರು ಭಾರತದ ಯಾವ ಭಾಗದಲ್ಲಿರುವ ರೋಗಿಗಾದರೂ ದೂರದಿಂದ ಸಲಹೆ ನೀಡಬಹುದು. ಮುಖವನ್ನು ತೋರುವ ವಿಡಿಯೊ, ಧ್ವನಿ ಮಾತ್ರದ ಕರೆ, ಬರೆದು ಕಳುಹಿಸುವ ಸಂದೇಶ, ಈ ಮೂರೂ ವಿಧಾನಗಳಿಗೆ ಅವಕಾಶವಿದೆ. ಯಾವ ರೋಗಕ್ಕೆ ಯಾವ ವಿಧಾನ ಸಾಕು, ಯಾವುದಕ್ಕೆ ರೋಗಿಯನ್ನು ಎದುರಿಗೇ ನೋಡಬೇಕು ಎಂಬುದನ್ನು ನಿರ್ಧರಿಸುವವರು ವೈದ್ಯರು. ರೋಗಿಯೇ ಮುಂದಾಗಿ ಕರೆ ಮಾಡಿದರೆ ಅವನ ಒಪ್ಪಿಗೆ ಅದರಲ್ಲಿಯೇ ಅಡಗಿದೆಯೆಂದು ತಿಳಿಯಲಾಗುತ್ತದೆ. ವೈದ್ಯರಾಗಲಿ, ಆರೋಗ್ಯ ಕಾರ್ಯಕರ್ತೆಯಾಗಲಿ, ಆರೈಕೆ ಮಾಡುವ ಬಂಧುವಾಗಲಿ ಮುಂದಾಗಿ ಕರೆ ಮಾಡಿದರೆ ರೋಗಿಯ ಸ್ಪಷ್ಟವಾದ ಒಪ್ಪಿಗೆಯನ್ನು ಪಡೆಯಬೇಕು.

ನಗರದಲ್ಲಿರುವ ಮಕ್ಕಳು ಊರಿನ ತಂದೆತಾಯಿಗಳ ಪರವಾಗಿ ವೈದ್ಯರೊಡನೆ ಮಾತನಾಡುವುದು ಇಂದು ಸಾಮಾನ್ಯ. ತಂದೆಗೆ ಮರೆವಿನ ಕಾಯಿಲೆಯಿದ್ದರೆ, ಅಥವಾ ಮಾತನಾಡಲಾರದಷ್ಟು ಅಶಕ್ತರಾಗಿದ್ದರೆ, ಆರೈಕೆ ಮಾಡುವವರು ಅವರ ಪರವಾಗಿ ಮಾತನಾಡಬಹುದು. ಬುದ್ಧಿ ಚುರುಕಾಗಿರುವ ಹಿರಿಯರ ಪರವಾಗಿ, ಅವರ ಅನುಪಸ್ಥಿತಿಯಲ್ಲಿ ಮಾತನಾಡುವುದಾದರೆ ಅಧಿಕೃತ ಅನುಮತಿ ಅಥವಾ ಸಂಬಂಧವನ್ನು ತೋರುವ ದಾಖಲೆ ಬೇಕಾಗುತ್ತದೆ. ಇದು ಕಾಗದದ ಕಾಟವಲ್ಲ. ತನ್ನ ದೇಹದ ವಿಷಯದಲ್ಲಿ ತಾನೇ ಮಾತನಾಡುವ ಹಕ್ಕು ಹಿರಿಯರಿಗೆ ಉಳಿಯಲಿ ಎಂಬ ಸದುದ್ದೇಶ ಇದರಲ್ಲಿದೆ. ಹಾವೇರಿಯ ಆ ಹಿರಿಯರನ್ನೇ ವಿಡಿಯೊದಲ್ಲಿ ಕೂರಿಸಿ, “ಕಾಲು ತೋರಿಸಿರಿ” ಎಂದು ಒಮ್ಮೆ ಕೇಳಿದ್ದರೆ ಎಷ್ಟು ಒಳ್ಳೆಯದಾಗುತ್ತಿತ್ತು! ಅಪ್ರಾಪ್ತ ವಯಸ್ಸಿನ ಮಕ್ಕಳ ವಿಷಯದಲ್ಲಂತೂ ದೊಡ್ಡವರೊಬ್ಬರು ಜೊತೆಗಿರಲೇಬೇಕು. ಅವರ ಗುರುತನ್ನೂ ವೈದ್ಯರು ಕೇಳಿ ತಿಳಿಯಬೇಕು.

ಔಷಧಗಳ ವರ್ಗೀಕರಣ

ದೂರದಿಂದ ಎಲ್ಲ ಔಷಧಗಳನ್ನೂ ಬರೆಯುವಂತಿಲ್ಲ. ಮಾರ್ಗಸೂಚಿಯು ಔಷಧಗಳನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಿದೆ. ಜ್ವರದ ಪ್ಯಾರಾಸಿಟಮಾಲ್, ಭೇದಿಯಾದಾಗ ಕುಡಿಸುವ ಓ.ಆರ್.ಎಸ್. ಮೊದಲಾದ ಸಾಮಾನ್ಯ ಔಷಧಗಳು ಮೊದಲ ಗುಂಪಿನವು. ಅವನ್ನು ಯಾವ ವಿಧಾನದ ಸಲಹೆಯಲ್ಲಾದರೂ ಸೂಚಿಸಬಹುದು. ಎರಡನೆಯ ಗುಂಪಿನವನ್ನು ಮೊದಲ ಸಲ ಸೂಚಿಸಬೇಕಾದರೆ ವಿಡಿಯೊದಲ್ಲಿ ರೋಗಿಯನ್ನು ನೋಡಿರಬೇಕು. ಹಳೆಯ ರೋಗಕ್ಕೆ ನಡೆದುಬಂದ ಔಷಧವನ್ನು ಮುಂದುವರಿಸುವುದಕ್ಕೂ ಇದರಲ್ಲಿ ಅವಕಾಶವಿದೆ. ಮೂರನೆಯ ಗುಂಪಿನವನ್ನು, ಅದೇ ರೋಗಕ್ಕಾಗಿ ಮೊದಲು ಎದುರಿಗೇ ಪರೀಕ್ಷೆ ಮಾಡಿಸಿಕೊಂಡವರಿಗೆ ಮರುಸಲಹೆಯ ಕಾಲದಲ್ಲಿ ಮಾತ್ರ ಸೇರಿಸಬಹುದು. ನಾಲ್ಕನೆಯದು ನಿಷಿದ್ಧವಾದ ಗುಂಪು. ಔಷಧ ನಿಯಮಗಳ ಎಕ್ಸ್ ಅನುಸೂಚಿಗೆ ಸೇರಿದವು, ಮಾದಕ ದ್ರವ್ಯಗಳನ್ನು ಕುರಿತ ೧೯೮೫ರ ಕಾಯಿದೆಗೆ ಒಳಪಟ್ಟವು, ಇವುಗಳನ್ನು ದೂರದಿಂದ ಬರೆಯುವಂತೆಯೇ ಇಲ್ಲ. ನಿದ್ರೆಯ ಮಾತ್ರೆಯನ್ನೋ ತೀವ್ರ ನೋವಿನ ಔಷಧವನ್ನೋ ವೈದ್ಯರು ದೂರವಾಣಿಯಲ್ಲಿ ಬರೆದುಕೊಡಲಿಲ್ಲವೆಂದು ಮುನಿಸಿಕೊಳ್ಳುವ ಮೊದಲು ಇದನ್ನು ನೆನೆಯಬೇಕು.

ಮರುಸಲಹೆ ಎಂಬ ಮಾತಿಗೂ ಮಿತಿಯಿದೆ. ಎದುರಿಗೆ ನೋಡಿದ ದಿನದಿಂದ ಆರು ತಿಂಗಳೊಳಗೆ, ಅದೇ ರೋಗಕ್ಕಾಗಿ ಕೇಳಿದರೆ ಮಾತ್ರ ಅದು ಮರುಸಲಹೆ. ಆರು ತಿಂಗಳು ಕಳೆದರೆ, ಅಥವಾ ಬೇರೆ ರೋಗವಾದರೆ, ಅದನ್ನು ಮೊದಲ ಸಲಹೆಯೆಂದೇ ಎಣಿಸಬೇಕು.

ವೈದ್ಯರ ಹೊಣೆಗಳು

ನಮ್ಮ ಸಮಾಜದಲ್ಲಿ ವೈದ್ಯರಾದವರು ಅಸಂಖ್ಯರು. ಬೆಳಗಾವಿ, ದಾವಣಗೆರೆ, ಕಲಬುರಗಿ, ವಿಜಯಪುರ, ಮೈಸೂರುಗಳಲ್ಲಿ ನಮ್ಮ ಹಿರಿಯರೂ ಮಠಗಳೂ ಕಟ್ಟಿದ ವಿದ್ಯಾಸಂಸ್ಥೆಗಳಿಂದ ಹೊರಬಂದವರೇ ಸಾವಿರಾರು ಮಂದಿ. ಅವರೂ ಈ ಪುಟವನ್ನು ಓದುತ್ತಾರೆಂಬ ಭರವಸೆಯಿಂದ ನಾಲ್ಕು ಮಾತುಗಳನ್ನು ಬರೆಯುತ್ತೇವೆ.

ದೂರದಿಂದ ಸಲಹೆ ನೀಡುವ ವೈದ್ಯರು ಅನಾಮಧೇಯರಾಗಿರಬಾರದು. ಹೆಸರು, ವಿದ್ಯಾರ್ಹತೆ, ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ, ಇವು ಔಷಧ ಚೀಟಿಯಲ್ಲಿಯೂ ರಸೀದಿಯಲ್ಲಿಯೂ ಇರಬೇಕು. ರೋಗಿಯೊಡನೆ ನಡೆದ ಸಂಭಾಷಣೆಯ ದಾಖಲೆಯನ್ನೂ ಬರೆದ ಔಷಧದ ಪ್ರತಿಯನ್ನೂ ಕಾಪಾಡಬೇಕು. ಎದುರಿಗೆ ನೋಡಿದಾಗ ಎಂತೋ ಹಾಗೆಯೇ ಇಲ್ಲಿಯೂ ಸೂಕ್ತವಾದ ಶುಲ್ಕವನ್ನು ಪಡೆಯಬಹುದು. ಆದರೆ ಅದಕ್ಕೆ ರಸೀದಿ ಕೊಡಬೇಕು. ರೋಗಿಯು ತಾನೇ ಬಂದು ತೋರಿಸುತ್ತೇನೆಂದಾಗ, ಬೇಡ, ದೂರವಾಣಿಯಲ್ಲಿಯೇ ಆಗಲಿ ಎಂದು ಒತ್ತಾಯಿಸುವುದು ವೃತ್ತಿಧರ್ಮಕ್ಕೆ ವಿರುದ್ಧವಾದ ನಡತೆಯೆಂದು ಮಾರ್ಗಸೂಚಿಯೇ ಹೇಳುತ್ತದೆ. ತುರ್ತು ಸಂದರ್ಭದಲ್ಲಿ ಪ್ರಥಮ ಚಿಕಿತ್ಸೆಯ ಮಾತನ್ನೂ ಧೈರ್ಯವನ್ನೂ ಹೇಳಿ, ಎಲ್ಲಿಗೆ ಹೋಗಬೇಕೆಂದು ತಿಳಿಸಿ, ಬೇಗನೆ ಆಸ್ಪತ್ರೆಗೆ ಕಳುಹಿಸಬೇಕು. ಕೃತಕ ಬುದ್ಧಿಮತ್ತೆಯ ಯಂತ್ರವು ವೈದ್ಯರಿಗೆ ಸಹಾಯ ಮಾಡಬಹುದೇ ಹೊರತು ತಾನೇ ರೋಗಿಗೆ ಸಲಹೆ ನೀಡುವಂತಿಲ್ಲ, ಔಷಧವನ್ನು ಬರೆಯುವಂತಿಲ್ಲ.

ಇನ್ನೊಂದು ವಿಷಯ. ಈ ಮಾರ್ಗಸೂಚಿಯು ಭಾರತದ ಗಡಿಯನ್ನು ದಾಟಿದ ಸಲಹೆಗೆ ಅನ್ವಯಿಸುವುದಿಲ್ಲ. ವಿದೇಶದಲ್ಲಿ ವೈದ್ಯರಾಗಿರುವ ಅಣ್ಣತಮ್ಮಂದಿರು ಊರಿನ ಬಂಧುಗಳಿಗೆ ಹಿತವಚನ ಹೇಳುವುದು ಬೇರೆ. ಇಲ್ಲಿಯ ನೋಂದಣಿಯಿಲ್ಲದೆ ಔಷಧ ಚೀಟಿ ಬರೆದು ಕಳುಹಿಸುವುದು ಬೇರೆ. ಅಂತಹ ಚೀಟಿಗೆ ಈ ಮಾರ್ಗಸೂಚಿಯ ಆಧಾರ ಸಿಗದು.

ವೆಚ್ಚದ ಪ್ರಶ್ನೆ

ಈಗ ಆ ಸೊಸೆಯ ಪ್ರಶ್ನೆಗೆ ಬರೋಣ. ೨೦೨೦ರ ಜೂನ್ ತಿಂಗಳಿನಲ್ಲಿ ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು ಎಲ್ಲ ಆರೋಗ್ಯ ವಿಮಾ ಕಂಪನಿಗಳಿಗೂ ಒಂದು ಸುತ್ತೋಲೆ ಕಳುಹಿಸಿತು. ಪಾಲಿಸಿಯ ಷರತ್ತುಗಳಲ್ಲಿ ವೈದ್ಯರ ಸಲಹೆಯ ಶುಲ್ಕವನ್ನು ಭರಿಸಲು ಎಲ್ಲೆಲ್ಲಿ ಅವಕಾಶವಿದೆಯೋ ಅಲ್ಲೆಲ್ಲ ದೂರವೈದ್ಯ ಸಲಹೆಗೂ ಅವಕಾಶ ಕೊಡಬೇಕೆಂಬುದು ಅದರ ತಿರುಳು. ಪಾಲಿಸಿಯಲ್ಲಿ ಮೊದಲೇ ಇರುವ ಮಾಸಿಕ, ವಾರ್ಷಿಕ ಮಿತಿಗಳು ಇದಕ್ಕೂ ಅನ್ವಯಿಸುತ್ತವೆ ಎಂದೂ ಅದರಲ್ಲಿತ್ತು.

‘ಎಲ್ಲೆಲ್ಲಿ ಅವಕಾಶವಿದೆಯೋ’ ಎಂಬ ಮಾತಿನಲ್ಲಿಯೇ ಮರ್ಮವಿದೆ. ನಮ್ಮ ದೇಶದ ಬಹುಪಾಲು ಆರೋಗ್ಯ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದವರ ವೆಚ್ಚಕ್ಕೆಂದು ರೂಪುಗೊಂಡಿವೆ. ಹೊರರೋಗಿಯಾಗಿ ವೈದ್ಯರಿಗೆ ತೋರಿಸಿ ಬಂದುದಕ್ಕೆ ಅವು ಹಣ ಕೊಡುವುದಿಲ್ಲ. ಎದುರಿಗೆ ತೋರಿಸಿಕೊಂಡುದಕ್ಕೇ ಹಣವಿಲ್ಲದ ಪಾಲಿಸಿಯಲ್ಲಿ ದೂರವಾಣಿಯಲ್ಲಿ ತೋರಿಸಿಕೊಂಡುದಕ್ಕೆ ಹಣ ಎಲ್ಲಿಂದ ಬರಬೇಕು? ಹೊರರೋಗಿ ಸೌಲಭ್ಯವನ್ನು ಪ್ರತ್ಯೇಕವಾಗಿ ಸೇರಿಸಿಕೊಂಡ ಪಾಲಿಸಿಗಳಲ್ಲಿ ಮಾತ್ರ ಅದು ಸಲ್ಲುತ್ತದೆ. ಹೀಗಾಗಿ ಆ ಮನೆಯವರ ಮೊದಲ ಮೂರು ಕೋರಿಕೆಗಳನ್ನು ಕಂಪನಿಯು ತಿರಸ್ಕರಿಸಿದ್ದು ಮನಸ್ಸಿಗೆ ನೋವಾದರೂ ಷರತ್ತಿಗೆ ಅನುಗುಣವಾಗಿಯೇ ಇತ್ತು.

ಆದರೆ ಕಥೆಗೆ ಇನ್ನೊಂದು ಮುಖವಿದೆ. ಆಸ್ಪತ್ರೆಗೆ ದಾಖಲಾಗುವ ಮುನ್ನ ಕೆಲವು ದಿನಗಳ, ಬಿಡುಗಡೆಯಾದ ಮೇಲೆ ಕೆಲವು ದಿನಗಳ ವೆಚ್ಚವನ್ನೂ ಅನೇಕ ಪಾಲಿಸಿಗಳು ಭರಿಸುತ್ತವೆ. ೨೦೨೦ರ ಏಪ್ರಿಲ್‌ನಲ್ಲಿ ಆರಂಭವಾದ ‘ಆರೋಗ್ಯ ಸಂಜೀವನಿ’ ಎಂಬ ಪ್ರಮಾಣಿತ ಪಾಲಿಸಿಯಲ್ಲಿ ಇದು ದಾಖಲಾಗುವ ಮುನ್ನ ೩೦ ದಿನ, ಬಿಡುಗಡೆಯ ನಂತರ ೬೦ ದಿನ. ಆ ಅವಧಿಯಲ್ಲಿ ಅದೇ ರೋಗಕ್ಕಾಗಿ ವೈದ್ಯರ ಸಲಹೆ ಪಡೆದರೆ ಅದು ವೆಚ್ಚದ ಲೆಕ್ಕಕ್ಕೆ ಸೇರುತ್ತದೆ. ಹಿರಿಯರ ಮನೆಯ ಪಾಲಿಸಿಯಲ್ಲಿಯೂ ಇಂತಹ ಅವಕಾಶವಿತ್ತು. ಕೊನೆಯ ಎರಡು ದೂರವಾಣಿ ಸಲಹೆಗಳು ಆ ಅವಧಿಯೊಳಗೇ ನಡೆದಿದ್ದವು. ಅವಕ್ಕಾಗಿ ಕೇಳಬಹುದಾಗಿತ್ತು. ಆದರೆ ಹಣವನ್ನು ಮೊಬೈಲಿನಲ್ಲಿ ಯಾವುದೋ ಸಂಖ್ಯೆಗೆ ಕಳುಹಿಸಿದ್ದರು. ರಸೀದಿಯನ್ನು ಯಾರೂ ಕೇಳಲಿಲ್ಲ, ಯಾರೂ ಕೊಡಲಿಲ್ಲ. ಔಷಧ ಚೀಟಿಯು ವಾಟ್ಸಾಪಿನಲ್ಲಿ ಬಂದ ಎರಡು ಸಾಲಿನ ಸಂದೇಶ. ಅದರಲ್ಲಿ ನೋಂದಣಿ ಸಂಖ್ಯೆಯಿರಲಿಲ್ಲ. ದಾಖಲೆಯಿಲ್ಲದ ಕೋರಿಕೆಗೆ ಬೆಲೆಯಿಲ್ಲ.

ಸರ್ಕಾರದ ಯೋಜನೆಗಳನ್ನು ನಂಬಿದವರೂ ಇದೇ ಭೇದವನ್ನು ಅರಿಯಬೇಕು. ೨೦೧೮ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆಯು ಅರ್ಹ ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿಯವರೆಗೆ ಆಸ್ಪತ್ರೆಯ ಒಳರೋಗಿ ಚಿಕಿತ್ಸೆಗೆ ನೆರವಾಗುತ್ತದೆ. ೨೦೨೪ರ ಅಕ್ಟೋಬರಿನಲ್ಲಿ ಕೇಂದ್ರವು ಅದನ್ನು ೭೦ ವರ್ಷ ದಾಟಿದ ಎಲ್ಲರಿಗೂ ವಿಸ್ತರಿಸಿತು. ಸಹಕಾರಿ ಸಂಘಗಳ ಸದಸ್ಯರಿಗಾಗಿ ೨೦೦೩ರಲ್ಲಿ ಆರಂಭವಾಗಿ, ನಡುವೆ ನಿಂತು, ಮತ್ತೆ ಆರಂಭಗೊಂಡ ಯಶಸ್ವಿನಿಯ ಮುಖ್ಯ ಗುರಿಯೂ ಆಸ್ಪತ್ರೆಯ ಚಿಕಿತ್ಸೆಯೇ. ಖಾಸಗಿ ವೈದ್ಯರಿಗೆ ದೂರವಾಣಿಯಲ್ಲಿ ಕೊಟ್ಟ ಶುಲ್ಕವನ್ನು ಮರಳಿಸುವ ಯೋಜನೆಗಳು ಇವಲ್ಲ.

ಹಣವಿಲ್ಲದೆ ದೊರೆಯುವ ಸೇವೆ

ಹಾಗಾದರೆ ಬಡವರು ಏನು ಮಾಡಬೇಕು? ಸರ್ಕಾರವು ಇದಕ್ಕೆ ಬೇರೊಂದು ಬಾಗಿಲನ್ನು ತೆರೆದಿದೆ. ಅದರ ಹೆಸರು ಇ-ಸಂಜೀವನಿ. ಮೇಲೆ ಹೇಳಿದ ವಿಮಾ ಪಾಲಿಸಿಯ ಹೆಸರಿಗೂ ಇದಕ್ಕೂ ಸಂಬಂಧವಿಲ್ಲ. ೨೦೧೯ರ ನವೆಂಬರಿನಲ್ಲಿ ಇದು ಆರಂಭವಾಯಿತು. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿರುವ ಸಮುದಾಯ ಆರೋಗ್ಯ ಅಧಿಕಾರಿಯು ರೋಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ದೂರದ ವೈದ್ಯರೊಡನೆ ಮಾತನಾಡಿಸುವ ಏರ್ಪಾಡು ಇದರಲ್ಲಿದೆ. ೨೦೨೦ರ ಏಪ್ರಿಲ್ ೧೩ರಿಂದ ರೋಗಿಯು ಮನೆಯಿಂದಲೇ ವೈದ್ಯರನ್ನು ಕಾಣುವ ವ್ಯವಸ್ಥೆಯೂ ಸೇರಿತು. ಇದಕ್ಕೆ ಶುಲ್ಕವಿಲ್ಲ. ಮೊಬೈಲ್ ಸಂಖ್ಯೆಯಿಂದ ನೋಂದಾಯಿಸಿಕೊಂಡು ಸರದಿಯ ಚೀಟಿ ಪಡೆದರೆ ವೈದ್ಯರು ವಿಡಿಯೊದಲ್ಲಿ ಬರುತ್ತಾರೆ. ಔಷಧ ಚೀಟಿಯೂ ಮೊಬೈಲಿಗೇ ಬರುತ್ತದೆ. ೨೦೨೩ರ ಫೆಬ್ರವರಿಯ ಹೊತ್ತಿಗೇ ಇಲ್ಲಿ ನಡೆದ ಸಲಹೆಗಳ ಸಂಖ್ಯೆ ೧೦ ಕೋಟಿ ದಾಟಿತ್ತು.

ನಮ್ಮ ದೃಷ್ಟಿಯಲ್ಲಿ ವೃದ್ಧರಿಗೆ ಇವೆರಡರಲ್ಲಿ ಮೊದಲನೆಯದೇ ಹೆಚ್ಚು ಹಿತ. ಅಲ್ಲಿ ರಕ್ತದೊತ್ತಡವನ್ನು ಅಳೆಯುವ ಕೈಯೊಂದು ಇರುತ್ತದೆ. ಗಾಯವನ್ನು ನೋಡುವ ಕಣ್ಣೊಂದು ಇರುತ್ತದೆ.

ಮನಸ್ಸಿನ ಬೇಗುದಿಗೆ ಟೆಲಿ-ಮಾನಸ್ ಎಂಬ ಸಹಾಯವಾಣಿಯಿದೆ. ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಮಾರ್ಗದರ್ಶಕ ಕೇಂದ್ರ. ೧೪೪೧೬ ಎಂಬ ಸಂಖ್ಯೆಗೆ ಹಗಲಿರುಳೂ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ನಾಲ್ಕು ಜನರೆದುರು ಹೇಳಿಕೊಳ್ಳಲಾಗದ ದುಃಖವನ್ನು ಒಳಗೇ ನುಂಗುತ್ತಿರುವ ರೈತನಿಗೆ, ಬಾಣಂತಿಗೆ, ಪರೀಕ್ಷೆಯಲ್ಲಿ ಸೋತ ಮಗನಿಗೆ ಈ ಸಂಖ್ಯೆಯನ್ನು ಯಾರಾದರೂ ಬರೆದುಕೊಟ್ಟರೆ ಅದೂ ಒಂದು ದಾಸೋಹ.

ಅಮೆರಿಕದ ಒಂದು ಪಾಠ

೧೯೭೦ರ ದಶಕದಲ್ಲಿ ಅಮೆರಿಕಕ್ಕೆ ಹೋಗಿ ನೆಲೆಸಿದ ನಮ್ಮ ಬಂಧುಗಳಲ್ಲಿ ಅನೇಕರು ಈಗ ಅಲ್ಲಿಯೇ ವೃದ್ಧರಾಗಿದ್ದಾರೆ. ೬೫ ವರ್ಷ ದಾಟಿದವರಿಗೆ ಅಲ್ಲಿ ಮೆಡಿಕೇರ್ ಎಂಬ ಸರ್ಕಾರಿ ವಿಮೆಯಿದೆ. ಮೊದಲು ಅದು ದೂರವೈದ್ಯ ಸಲಹೆಗೆ ಹಣ ಕೊಡುತ್ತಿದ್ದುದು ಬಹುಮಟ್ಟಿಗೆ ಗ್ರಾಮಾಂತರದವರಿಗೆ ಮಾತ್ರ, ಅದೂ ಅವರು ಗೊತ್ತಾದ ಚಿಕಿತ್ಸಾಲಯಕ್ಕೆ ಬಂದು ಕುಳಿತರೆ. ೨೦೨೦ರ ಮಾರ್ಚಿನಲ್ಲಿ ಈ ನಿರ್ಬಂಧವನ್ನು ಸಡಿಲಿಸಿ, ಮನೆಯಿಂದ ಪಡೆದ ಸಲಹೆಗೂ ಹಣ ಕೊಡತೊಡಗಿದರು. ಆದರೆ ಆ ಸಡಿಲಿಕೆಗೆ ಗಡುವಿತ್ತು. ಗಡುವನ್ನು ಮತ್ತೆ ಮತ್ತೆ ಮುಂದೂಡುತ್ತ ಬಂದರು. ೨೦೨೫ರ ಸೆಪ್ಟೆಂಬರ್ ೩೦ಕ್ಕೆ ಅದು ಮುಗಿದಾಗ ಅಲ್ಲಿಯ ಆಯವ್ಯಯದ ಜಗಳದಲ್ಲಿ ಮುಂದೂಡಲಾಗಲಿಲ್ಲ. ನವೆಂಬರ್ ೧೨ರವರೆಗೆ ವೈದ್ಯರೂ ರೋಗಿಗಳೂ ಹಣ ಬಂದೀತೋ ಬಾರದೋ ಎಂಬ ಅನುಮಾನದಲ್ಲಿ ಕಾಲ ಕಳೆದರು. ಮಾನಸಿಕ ಚಿಕಿತ್ಸೆಗೆ ಮಾತ್ರ ಶಾಶ್ವತವಾದ ಕಾನೂನಿನ ಆಧಾರವಿತ್ತು.

ಅಲ್ಲಿಯೂ ಇಲ್ಲಿಯೂ ತೊಡಕು ಒಂದೇ. ಚಿಕಿತ್ಸೆಯ ಅನುಮತಿ ಮುಂದೆ ಓಡುತ್ತದೆ. ಹಣದ ಅನುಮತಿ ಹಿಂದೆ ಕುಂಟುತ್ತದೆ. ಆದುದರಿಂದ ಎಲ್ಲಿದ್ದರೂ ಸಲಹೆ ಪಡೆಯುವ ಮೊದಲು ಆ ಹೊತ್ತಿನ ನಿಯಮವನ್ನು ಕೇಳಿ ತಿಳಿಯುವುದು ಕ್ಷೇಮ.

ಗೃಹಸ್ಥರು ಮಾಡಬೇಕಾದುದು

ಮೊದಲನೆಯದಾಗಿ, ಮನೆಯಲ್ಲಿರುವ ಪಾಲಿಸಿಯನ್ನು ಟ್ರಂಕಿನಿಂದ ಹೊರತೆಗೆದು ಓದಬೇಕು. ಹೊರರೋಗಿ ಸೌಲಭ್ಯವಿದೆಯೇ, ಆಸ್ಪತ್ರೆಗೆ ಮುನ್ನ ಮತ್ತು ನಂತರ ಎಷ್ಟು ದಿನಗಳ ವೆಚ್ಚ ಸಲ್ಲುತ್ತದೆ, ಈ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಹುಡುಕಿ ಒಂದು ಹಾಳೆಯಲ್ಲಿ ಬರೆದಿಡಬೇಕು. ಇಂಗ್ಲಿಷಿನ ಸಣ್ಣ ಅಕ್ಷರಗಳು ಅರ್ಥವಾಗದಿದ್ದರೆ ಹೆದರಬೇಕಾಗಿಲ್ಲ. ೨೦೨೪ರ ಜನವರಿ ೧ರಿಂದ ವಿಮಾ ಕಂಪನಿಗಳು ಪಾಲಿಸಿಯ ಸಾರವನ್ನು ಸರಳವಾಗಿ ತಿಳಿಸುವ ಗ್ರಾಹಕ ಮಾಹಿತಿ ಪತ್ರವನ್ನು ಹೊಸ ರೂಪದಲ್ಲಿ ಕೊಡಬೇಕೆಂದು ಪ್ರಾಧಿಕಾರವು ವಿಧಿಸಿತು. ಪಾಲಿಸಿದಾರರು ಕೇಳಿದರೆ ಅದನ್ನು ಸ್ಥಳೀಯ ಭಾಷೆಯಲ್ಲಿಯೂ ಒದಗಿಸಬೇಕು. ಕನ್ನಡದಲ್ಲಿ ಕೊಡಿರೆಂದು ಕೇಳಿರಿ. ಕೇಳಿದವರಿಗೆ ಸಿಗುತ್ತದೆ.

ಎರಡನೆಯದಾಗಿ, ದೂರವಾಣಿ ಸಲಹೆಗೆ ಮೊದಲು ಹಳೆಯ ಚೀಟಿ, ಪರೀಕ್ಷೆಯ ವರದಿ, ತಿನ್ನುತ್ತಿರುವ ಮಾತ್ರೆಗಳನ್ನು ಎದುರಿಗಿಟ್ಟುಕೊಳ್ಳಬೇಕು. ಹಿರಿಯರನ್ನೇ ಮಾತನಾಡಲು ಬಿಡಬೇಕು. ಸಕ್ಕರೆ ಕಾಯಿಲೆಯುಳ್ಳವರ ಅಂಗಾಲನ್ನು ಮನೆಯವರು ನೋಡಿರಬೇಕು, ವೈದ್ಯರಿಗೂ ತೋರಿಸಬೇಕು.

ಮೂರನೆಯದಾಗಿ, ವೈದ್ಯರ ಹೆಸರು, ನೋಂದಣಿ ಸಂಖ್ಯೆ, ದಿನಾಂಕಗಳುಳ್ಳ ಔಷಧ ಚೀಟಿಯನ್ನೂ ಹಣದ ರಸೀದಿಯನ್ನೂ ಕೇಳಿ ಪಡೆದು ಕಾಪಾಡಬೇಕು. ಕೇಳುವುದು ಅಪನಂಬಿಕೆಯಲ್ಲ, ಕೊಡುವುದು ವೈದ್ಯರ ಕರ್ತವ್ಯ.

ನಾಲ್ಕನೆಯದಾಗಿ, ಷರತ್ತಿನಂತೆ ಸಲ್ಲಬೇಕಾದ ಹಣವನ್ನು ಕಂಪನಿಯು ಕೊಡದಿದ್ದರೆ ಮೊದಲು ಆ ಕಂಪನಿಗೇ ದೂರು ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ನ್ಯಾಯವೆನಿಸದಿದ್ದರೆ, ವಿಮಾ ಒಂಬುಡ್ಸ್‌ಮನ್ ಅವರಿಗೆ ದೂರು ಸಲ್ಲಿಸಬಹುದು. ಕರ್ನಾಟಕಕ್ಕೆ ಸಂಬಂಧಿಸಿದ ಅವರ ಕಚೇರಿ ಬೆಂಗಳೂರಿನಲ್ಲಿದೆ. ದೂರಿಗೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಪ್ರಾಧಿಕಾರದ ಸಹಾಯವಾಣಿ ೧೫೫೨೫೫.

ಮಠಗಳಿಗೊಂದು ಬಿನ್ನಹ

ಕೊನೆಯಲ್ಲಿ ಒಂದು ಬಿನ್ನಹ. ಬರಗಾಲದಲ್ಲಿ ಗಂಜಿ, ಬಡಮಕ್ಕಳಿಗೆ ಅನ್ನ ಮತ್ತು ಅಕ್ಷರ, ಇವನ್ನು ನೀಡಿದ ಪರಂಪರೆ ನಮ್ಮ ಮಠಗಳದು. ಇಂದು ಅನೇಕ ಊರುಗಳಲ್ಲಿ ಅನ್ನಕ್ಕೆ ಕೊರತೆಯಿಲ್ಲ. ವೃದ್ಧರ ಜೊತೆಗೆ ಕೂರುವವರ ಕೊರತೆಯಿದೆ. ಮಠದ ಒಂದು ಕೋಣೆಯಲ್ಲಿ ಒಂದು ಮೊಬೈಲು, ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಅಳೆಯುವ ಎರಡು ಸಾಧನಗಳು, ಓದಿದ ಒಬ್ಬ ತರುಣ ಅಥವಾ ತರುಣಿ, ವಾರಕ್ಕೆ ಎರಡು ದಿನ, ಇಷ್ಟಿದ್ದರೆ ಸಾಕು. ಊರಿನ ಹಿರಿಯರು ಬಂದು ಇ-ಸಂಜೀವನಿಯ ವೈದ್ಯರನ್ನು ಕಾಣಬಹುದು. ಚೀಟಿಯನ್ನು ಅಚ್ಚು ಮಾಡಿಸಿ ಕೈಗೆ ಕೊಡಬಹುದು. ಪಾಲಿಸಿಯ ಹಾಳೆಯನ್ನು ಓದಿ ಹೇಳಬಹುದು. ಯಾರಿಗೆ ದೂರದ ಸಲಹೆ ಸಾಲದೋ ಅವರನ್ನು ಆಸ್ಪತ್ರೆಗೆ ಕಳುಹಿಸುವ ಏರ್ಪಾಡನ್ನೂ ಮಾಡಬಹುದು.

ಹಾವೇರಿಯ ಆ ಹಿರಿಯರು ಈಗ ಕೋಲೂರಿಕೊಂಡು ನಡೆಯುತ್ತಾರೆ, ಬೆಳಗಿನ ಪೂಜೆಗೆ ತಾವೇ ಪತ್ರೆ ಹೂಗಳನ್ನು ಬಿಡಿಸಿಕೊಳ್ಳುತ್ತಾರೆ. ಮೊನ್ನೆ ಭೇಟಿಯಾದಾಗ ಸೊಸೆ ಒಂದು ನೋಟುಪುಸ್ತಕವನ್ನು ತೋರಿಸಿದಳು. ದಿನಾಂಕ, ಸಕ್ಕರೆಯ ಅಂಕಿ, ವೈದ್ಯರ ಹೆಸರು, ಕೊಟ್ಟ ಹಣ, ಎಲ್ಲವನ್ನೂ ಅವಳೇ ಬರೆದಿದ್ದಳು. ಕೊನೆಯ ಅಂಕಣದ ಮೇಲೆ ‘ಕಾಲು ನೋಡಿದ್ದು’ ಎಂದಿತ್ತು. ಆ ಅಂಕಣದಲ್ಲಿ ಒಂದು ದಿನವೂ ಖಾಲಿ ಬಿಟ್ಟಿರಲಿಲ್ಲ.

ಯಂತ್ರವು ವೈದ್ಯರನ್ನು ಮನೆಯವರೆಗೆ ತರಬಲ್ಲದು. ಕಾಲನ್ನು ನೋಡುವ ಕಾಯಕ ಮನೆಯವರದೇ.